ನಿರ್ದೇಶಕಿ ಆಗು, ಸಹಿ ಹಾಕಿದರೆ ಸಾಕು ಅಂತಿದ್ದಾರೆ. ಒಪ್ಪಿಕೊಳ್ಳಲಾ?

ಜಗಳೂರು ಕಡೆಯವಳು:
ಎಲ್ಲರಿಗೂ ನಮಸ್ಕಾರ. ನಮ್ಮ ಹೋಬಳಿಯಲ್ಲಿ ಒಂದು ರೈತ ಉತ್ಪಾದಕರ ಕಂಪನಿ ಇದೆ. ಮುಖ್ಯವಾಗಿ ಮೆಕ್ಕೆಜೋಳದ ಖರೀದಿ, ಜೊತೆಗೆ ಬೀಜ-ಗೊಬ್ಬರದ ಅಂಗಡಿ. ಸಾವಿರದ ಹತ್ತಿರ ಷೇರುದಾರರು. ನಾನೂ ಒಬ್ಬಳು. ಹೊಲ ನಾನೇ ಮಾಡಿಸುತ್ತೇನೆ, ಬಿ.ಕಾಂ. ಆಗಿದೆ.

ಹೋದ ವಾರ ಅಧ್ಯಕ್ಷರು ಮನೆಗೆ ಬಂದಿದ್ದರು. "ಮಂಡಳಿಗೆ ಒಬ್ಬ ಹೆಣ್ಣುಮಗಳು ಬೇಕಮ್ಮ. ನೀನು ಓದಿದವಳು, ನೀನೇ ಆಗು. ಕೆಲಸ ಏನೂ ಇರಲ್ಲ. ಮೂರು ತಿಂಗಳಿಗೊಮ್ಮೆ ಬಂದು ಸಹಿ ಹಾಕಿ ಚಹಾ ಕುಡಿದು ಹೋದರಾಯ್ತು" ಅಂದರು. ಊರಿಗೆ ಹಿರಿಯರು. ಅಪ್ಪನ ಜೊತೆ ಓಡಾಡಿದವರು. ಮುಖಕ್ಕೆ ಹೊಡೆದ ಹಾಗೆ ಆಗಲ್ಲ ಅನ್ನೋಕೆ ಬಾಯಿ ಬರಲಿಲ್ಲ.

ಮರುದಿನ ಆಫೀಸಿಗೆ ಹೋಗಿ ನಡಾವಳಿ ಪುಸ್ತಕ ತೆಗೆಸಿ ನೋಡಿದೆ. ಪ್ರತಿ ಸಭೆಯದ್ದೂ ಎರಡು-ಮೂರು ಠರಾವು, ಕೆಳಗೆ ಅರ್ಧ ಪುಟ ಖಾಲಿ, ಪುಟದ ತಳದಲ್ಲಿ ಸಾಲಾಗಿ ಸಹಿ. ಖಾಲಿ ಯಾಕೆ ಬಿಟ್ಟಿದ್ದೀರಿ ಅಂತ ಕೇಳಿದೆ. "ಬ್ಯಾಂಕಿನವರು ಆಮೇಲೆ ಏನಾದರೂ ಠರಾವು ಕೇಳಿದರೆ ಸೇರಿಸೋಕೆ ಮೇಡಂ" ಅಂದರು ಸಿಇಒ. ಒಂದು ಸಭೆಯಲ್ಲಂತೂ "ವಿಷಯಗಳನ್ನು ಚರ್ಚಿಸಿ ಒಪ್ಪಲಾಯಿತು" ಅಂತ ಒಂದೇ ಸಾಲು. ಯಾವ ವಿಷಯ ಅಂತ ದೇವರಿಗೇ ಗೊತ್ತು.

ಇನ್ನೊಂದು ಸಂಗತಿ. ಹೋದ ಸುಗ್ಗಿಯ ಮಾಲು ಹೆಚ್ಚುಕಡಿಮೆ ಎಲ್ಲ ದಾವಣಗೆರೆ ಎಪಿಎಂಸಿಯ ಒಂದೇ ಮಂಡಿಗೆ ಹೋಗಿದೆ. ಆ ಮಂಡಿ ಅಧ್ಯಕ್ಷರ ಬಾಮೈದನದು. ಊರಿಗೆಲ್ಲ ಗೊತ್ತು, ಪುಸ್ತಕದಲ್ಲಿ ಮಾತ್ರ ಎಲ್ಲೂ ಇಲ್ಲ.

ನಾನು ಒಪ್ಪಿಕೊಂಡರೆ ಇದೆಲ್ಲ ನನ್ನ ತಲೆಗೆ ಬರುತ್ತಾ? ಒಳಗೆ ಹೋಗಿ ಸರಿ ಮಾಡಬಹುದಾ, ಅಥವಾ ದೂರ ಇರೋದೇ ವಾಸಿನಾ? ಗೊತ್ತಿರೋರು ಹೇಳಿ.

ನಿವೃತ್ತ ಟರ್ನರ್:
ಬೇಡ ಬಿಡಮ್ಮ. ನಾನು ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿದವನು. ನಿರ್ದೇಶಕರು ಬರ್ತಾರೆ ಅಂದರೆ ಗೇಟಿನಿಂದ ಆಫೀಸಿನವರೆಗೆ ಸುಣ್ಣ ಹೊಡೆಸೋರು. ಕಾರು ಬರೋದು, ಗೋಡಂಬಿ ಪ್ಲೇಟು ಒಳಗೆ ಹೋಗೋದು, ಕಾರು ಹೋಗೋದು. ಶಾಪಿನೊಳಗೆ ಬಂದು "ಈ ಮಿಷನ್ ಯಾಕೆ ನಿಂತಿದೆ" ಅಂತ ಕೇಳಿದವರನ್ನು ನಾನು ನೋಡಲಿಲ್ಲ. ಮಂಡಳಿ ಅಂದರೆ ಅಷ್ಟೇ. ನೀನು ಸುಮ್ನೆ ನಿನ್ನ ಹೊಲ ನೋಡ್ಕೋ.

ಪಿ.ಜೆ. ಬಡಾವಣೆ ಸಿಎ:
ಟರ್ನರ್ ಅಣ್ಣನವರ ಸಿಟ್ಟು ಅರ್ಥ ಆಗುತ್ತೆ. ಆದರೆ ತಂಗಿ ಕೇಳಿದ್ದಕ್ಕೆ ಉತ್ತರ ಬೇರೆ ಇದೆ.

ಮೊದಲನೆಯದಾಗಿ, ಹೆಸರಲ್ಲಿ ರೈತ ಇದ್ದರೂ ಇದು ಸಹಕಾರ ಸಂಘ ಅಲ್ಲ, ಕಂಪನಿ. ಉತ್ಪಾದಕರ ಕಂಪನಿ ಅನ್ನೋದು 2002ರ ತಿದ್ದುಪಡಿಯಿಂದ ಹಳೆಯ ಕಂಪನಿ ಕಾಯ್ದೆಗೆ ಸೇರಿತು. 2020ರಲ್ಲಿ ಅದನ್ನು 2013ರ ಕಾಯ್ದೆಯೊಳಗೆ ಪ್ರತ್ಯೇಕ ಅಧ್ಯಾಯವಾಗಿ ತಂದರು. ಅಂದರೆ ನೀವು ನಿರ್ದೇಶಕಿ ಆದರೆ ದೊಡ್ಡ ಕಂಪನಿಗಳ ನಿರ್ದೇಶಕರಿಗೆ ಇರುವ ಮೂಲ ಕರ್ತವ್ಯಗಳೇ ನಿಮಗೂ. ಸೆಕ್ಷನ್ 166 ನೋಡಿ. ಎಚ್ಚರಿಕೆ, ಜಾಣ್ಮೆ, ಶ್ರದ್ಧೆಯಿಂದ ಕೆಲಸ ಮಾಡಬೇಕು, ಸ್ವಂತ ಬುದ್ಧಿ ಉಪಯೋಗಿಸಬೇಕು, ಸ್ವಂತ ಲಾಭಕ್ಕೂ ಕಂಪನಿ ಲಾಭಕ್ಕೂ ಡಿಕ್ಕಿ ಆಗುವ ಕಡೆ ಕಾಲಿಡಬಾರದು. ಸ್ಥಾನವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವ ಹಾಗೂ ಇಲ್ಲ. "ನನಗೆ ಆಗಲ್ಲ, ನನ್ನ ಮಗ ಬರ್ತಾನೆ" ಅಂತ ಸಭೆಗೆ ಮಗನನ್ನು ಕಳಿಸೋದು ನಮ್ಮ ಕಡೆ ಎಷ್ಟು ಸಾಮಾನ್ಯ ಅಲ್ವಾ? ಅದು ನಡೆಯಲ್ಲ. ಉಲ್ಲಂಘಿಸಿದರೆ 1 ಲಕ್ಷದಿಂದ 5 ಲಕ್ಷದವರೆಗೆ ದಂಡ.

ಎರಡನೆಯದು ನಿಮ್ಮ ಅಧ್ಯಾಯಕ್ಕೇ ಸೇರಿದ್ದು, ತುಂಬಾ ಜನಕ್ಕೆ ಗೊತ್ತಿಲ್ಲ. ಕಾಯ್ದೆಗೆ ವಿರುದ್ಧವಾದ ಠರಾವಿಗೆ ಮತ ಹಾಕಿದ, ಅಥವಾ ಬೇರೆ ಯಾವುದೇ ರೀತಿಯಲ್ಲಿ ಒಪ್ಪಿಗೆ ಕೊಟ್ಟ ನಿರ್ದೇಶಕರು ಆ ನಷ್ಟವನ್ನು ಒಟ್ಟಾಗಿಯೂ ಒಬ್ಬೊಬ್ಬರಾಗಿಯೂ ತುಂಬಿಕೊಡಬೇಕು. "ಬೇರೆ ಯಾವುದೇ ರೀತಿಯಲ್ಲಿ" ಅನ್ನೋದನ್ನು ಇನ್ನೊಂದು ಸಲ ಓದಿ. ಆ ಅರ್ಧ ಪುಟ ಖಾಲಿ ಬಿಟ್ಟು ಕೆಳಗೆ ಹಾಕಿದ ಸಹಿ ಇದೆಯಲ್ಲ, ನಾಳೆ ಅಲ್ಲಿ ಏನು ಬರೆದರೂ ನೀವು ಒಪ್ಪಿದ್ದು ಅಂತಲೇ ಲೆಕ್ಕ.

ನಡಾವಳಿ ತಿದ್ದೋದು ಸಣ್ಣ ತಪ್ಪಲ್ಲ. ಸೆಕ್ಷನ್ 118ರ ಪ್ರಕಾರ 2 ವರ್ಷದವರೆಗೆ ಜೈಲು, ಜೊತೆಗೆ 25 ಸಾವಿರದಿಂದ 1 ಲಕ್ಷದವರೆಗೆ ದಂಡ. ಸಿಇಒ ಪಾಪ ಅದನ್ನು ಅಷ್ಟು ಸಲೀಸಾಗಿ ಹೇಳಿದ್ದಾರೆ ಅಂದರೆ ಅವರಿಗೂ ಗೊತ್ತಿರಲಿಕ್ಕಿಲ್ಲ.

ಹೆಣ್ಣುಮಗಳು ಬೇಕು ಅನ್ನೋ ಕಾನೂನಿನ ಕಡ್ಡಾಯ ಇರೋದು ಷೇರುಪೇಟೆಯ ಕಂಪನಿಗಳಿಗೆ ಮತ್ತು ದೊಡ್ಡ ಪಬ್ಲಿಕ್ ಕಂಪನಿಗಳಿಗೆ. ನಿಮ್ಮನ್ನು ಕರೆದ ಕಾರಣ ಬೇರೆ ಏನೋ ಇರಬಹುದು. ಅದನ್ನೂ ಒಮ್ಮೆ ಕೇಳಿ.

ಮಂಡಿಪೇಟೆ ಹುಡುಗ:
ಬಾಮೈದನ ಮಂಡಿ ಅಂದ ತಕ್ಷಣ ಕಳ್ಳತನ ಅಂತ ಯಾಕೆ ಅಂದುಕೊಳ್ಳಬೇಕು? ನಾವೂ ವ್ಯಾಪಾರದವರೇ. ಗುರುತು ಪರಿಚಯ ಇದ್ದ ಕಡೆ ಮಾಲು ಹಾಕಿದರೆ ದುಡ್ಡು ಕೈಗೆ ಬೇಗ ಸಿಗುತ್ತೆ. ಗೊತ್ತಿಲ್ಲದವನಿಗೆ ಹಾಕಿ ಆರು ತಿಂಗಳು ಅಲೆದಾಡಿದರೆ ಆಗ ರೈತರು ಇದೇ ಅಧ್ಯಕ್ಷರ ಮನೆ ಮುಂದೆ ಕೂರ್ತಾರೆ.

ಪಿ.ಜೆ. ಬಡಾವಣೆ ಸಿಎ:
ನಾನೂ ಕಳ್ಳತನ ಅಂದಿಲ್ಲಪ್ಪ. ಇಲ್ಲಿ ಒಂದು ತಮಾಷೆ ಇದೆ. ಕಂಪನಿ ಕಾಯ್ದೆಯಲ್ಲಿ "ಸಂಬಂಧಿ" ಅಂದರೆ ಯಾರು ಅಂತ ಪಟ್ಟಿ ಇದೆ. ಗಂಡ-ಹೆಂಡತಿ, ಅಪ್ಪ, ಅಮ್ಮ, ಮಗ, ಸೊಸೆ, ಮಗಳು, ಅಳಿಯ, ಅಣ್ಣ-ತಮ್ಮ, ಅಕ್ಕ-ತಂಗಿ, ಮತ್ತೆ ಅವಿಭಕ್ತ ಕುಟುಂಬದವರು. ಹೆಂಡತಿಯ ತಮ್ಮ ಆ ಪಟ್ಟಿಯಲ್ಲಿ ಇಲ್ಲ! ಹಾಗಾಗಿ ಬರೀ ಬಾಮೈದ ಅನ್ನೋ ಕಾರಣಕ್ಕೆ ಸಂಬಂಧಿಗಳ ಜೊತೆಗಿನ ವ್ಯವಹಾರದ ಸೆಕ್ಷನ್ 188 ಅಂಟಲ್ಲ. ಆದರೆ ಆ ಫರ್ಮಿನಲ್ಲಿ ಅಧ್ಯಕ್ಷರ ಹೆಂಡತಿಯೂ ಪಾಲುದಾರರಾಗಿದ್ದರೆ ಕಥೆಯೇ ಬೇರೆ. ಆಗ ಅದು ಸಂಬಂಧಿತ ಪಕ್ಷದ ವ್ಯವಹಾರ. ಅಧ್ಯಕ್ಷರು ಸೆಕ್ಷನ್ 184ರಂತೆ ಮಂಡಳಿಗೆ ಬರೆದು ತಿಳಿಸಬೇಕು. ದರ ಮಾರುಕಟ್ಟೆ ದರ ಅಲ್ಲದಿದ್ದರೆ ಮಂಡಳಿಯ ಠರಾವೂ ಬೇಕು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಅಧ್ಯಕ್ಷರೇ ಆ ಮಂಡಿಯಲ್ಲಿ ಪಾಲು ಇಟ್ಟಿದ್ದರೆ? ಕಂಪನಿಯ ವ್ಯವಹಾರಕ್ಕೆ ಅಡ್ಡ ಬರುವ ವ್ಯಾಪಾರ ಇರುವವನು ಉತ್ಪಾದಕರ ಕಂಪನಿಗೆ ಸದಸ್ಯನೇ ಆಗುವಂತಿಲ್ಲ. ಆಮೇಲೆ ಅಂಥ ವ್ಯಾಪಾರಕ್ಕೆ ಇಳಿದರೂ ಸದಸ್ಯತ್ವ ಹೋಗುತ್ತೆ. ಅಧ್ಯಕ್ಷಗಿರಿ ದೂರದ ಮಾತು.

ಆದರೆ ಕಾನೂನಿನ ಪಟ್ಟಿಯಲ್ಲಿ ಇಲ್ಲ ಅಂದ ಮಾತ್ರಕ್ಕೆ ಮಂಡಳಿ ಕಣ್ಣು ಮುಚ್ಚಬೇಕು ಅಂತಲ್ಲ. ಕೇಳೋದು ಸುಲಭ. ಮಾಲು ಮಾರಿದ ದಿನ ಸರ್ಕಾರದ ಮಾರುಕಟ್ಟೆ ದರದ ವೆಬ್‌ಸೈಟು ಕೃಷಿ ಮಾರಾಟ ವಾಹಿನಿಯಲ್ಲಿ ದಾವಣಗೆರೆ ದರ ಎಷ್ಟಿತ್ತು, ನಮಗೆ ಬಂದದ್ದು ಎಷ್ಟು, ಎರಡನ್ನೂ ಪಕ್ಕಪಕ್ಕ ಬರೆದು ತನ್ನಿ ಅಂತ.

ಮಂಡಿಪೇಟೆ ಹುಡುಗ:
ದರ ಸರಿ ಇದ್ದರೂ ಸೂಟು, ತೇವ ಅಂತ ಕೆಜಿ ಕಡಿದರೆ ಅದು ದರದಲ್ಲಿ ಕಾಣಲ್ಲ ಸರ್. ನಮ್ಮವರೇ ಮಾಡೋದು, ಮುಚ್ಚಿಡೋದೇನು. ತೂಕದ ಚೀಟಿ ಕೇಳಲಿ. ಕಂಪನಿಯ ವೇಬ್ರಿಡ್ಜ್ ಚೀಟಿ, ಮಂಡಿಯ ಚೀಟಿ ಎರಡೂ. ಲೆಕ್ಕಕ್ಕೆ ಸಿಗದ ಬಿಳಿ ಚೀಟಿ ಕೊಟ್ಟರೆ ಅಲ್ಲೇ ನಿಲ್ಲಿಸಲಿ. ಕಮಿಷನ್ ಅಂತ ರೈತರ ದುಡ್ಡಲ್ಲಿ ಹಿಡಿದಿದ್ದರೂ ಕೇಳಲಿ. ಅದನ್ನು ಕೊಡಬೇಕಾದವನು ಖರೀದಿದಾರ.

ಜಗಳೂರು ಕಡೆಯವಳು:
ಅಣ್ಣಾ, ಇದು ನನಗೆ ಹೊಳೆದಿರಲಿಲ್ಲ. ಥ್ಯಾಂಕ್ಸ್.

ಹೊಸದುರ್ಗದ ಮೇಷ್ಟ್ರು:
ಕಾಮರ್ಸ್ ಪಾಠ ಮಾಡಿದವನು ನಾನು. ಮಂಡಳಿಯ ಕೆಲಸ ಏನು ಅಂತ ಹುಡುಗರಿಗೆ ಹೇಳುವಾಗ ಒಂದು ಐಸ್‌ಕ್ರೀಂ ಕಂಪನಿಯ ಕೇಸು ಹೇಳುತ್ತಿದ್ದೆ. ಇಲ್ಲಿಗೂ ಅದು ಸರಿಯಾಗಿ ಹೊಂದುತ್ತೆ.

ಅಮೆರಿಕದ ಟೆಕ್ಸಾಸಿನಲ್ಲಿ ಬ್ಲೂ ಬೆಲ್ ಅಂತ ಕಂಪನಿ. ಮಾಡೋದೇ ಐಸ್‌ಕ್ರೀಂ. 2015ರಲ್ಲಿ ಅವರ ಮಾಲಿನಲ್ಲಿ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಸೇರಿ 3 ಜನ ಸತ್ತರು. ಅಂಗಡಿಗಳಿಂದ ಮಾಲೆಲ್ಲ ವಾಪಸ್ ತರಿಸಿದರು, ಕಾರ್ಖಾನೆ ನಿಂತಿತು, ಕೆಲಸಗಾರರು ಮನೆ ಸೇರಿದರು. ಷೇರುದಾರನೊಬ್ಬ ನಿರ್ದೇಶಕರ ಮೇಲೆ ಕೇಸು ಹಾಕಿದ. ಕಂಪನಿಯ ನಡಾವಳಿ ತರಿಸಿ ನೋಡಿದರೆ ಆಹಾರ ಸುರಕ್ಷತೆಯ ಬಗ್ಗೆ ಮಂಡಳಿ ಕ್ರಮವಾಗಿ ಕೂತು ಮಾತಾಡಿದ ಗುರುತೇ ಇಲ್ಲ. ಪರೀಕ್ಷೆಯ ಕೆಟ್ಟ ವರದಿಗಳು ಮ್ಯಾನೇಜರ್‌ಗಳ ಕೈಗೆ ಮುಂಚೆಯೇ ಬಂದಿದ್ದವು. ಮಂಡಳಿಯವರೆಗೆ ಅವು ಬರೋಕೆ ದಾರಿಯೇ ಇರಲಿಲ್ಲ. ಅದಕ್ಕೆ ಅಂತ ಸಮಿತಿ ಇಲ್ಲ, ಇಂಥ ವರದಿಯನ್ನು ಇಷ್ಟು ದಿನಕ್ಕೊಮ್ಮೆ ತನ್ನಿ ಅನ್ನೋ ನಿಯಮ ಇಲ್ಲ.

ನಿರ್ದೇಶಕರ ಪರ ವಕೀಲರು "ಸರ್ಕಾರದ ನಿಯಮ ಪಾಲಿಸುತ್ತಿದ್ದೆವು, ತಪಾಸಣೆಗೆ ಅಧಿಕಾರಿಗಳು ಬರುತ್ತಿದ್ದರು" ಅಂದರು. ಡೆಲವೇರ್ ರಾಜ್ಯದ ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ಒಪ್ಪಲಿಲ್ಲ. ಸರ್ಕಾರ ನೋಡುತ್ತೆ ಅನ್ನೋದು ಮಂಡಳಿ ನೋಡಿದ ಹಾಗಲ್ಲ. ಐಸ್‌ಕ್ರೀಂ ಮಾಡುವ ಕಂಪನಿಗೆ ಐಸ್‌ಕ್ರೀಂ ತಿನ್ನೋಕೆ ಯೋಗ್ಯವಾಗಿದೆಯಾ ಅನ್ನೋದಕ್ಕಿಂತ ದೊಡ್ಡ ವಿಷಯ ಯಾವುದಿದೆ? ಅದನ್ನು ತಿಳಿದುಕೊಳ್ಳೋಕೆ ಮಂಡಳಿಯೇ ಪ್ರಾಮಾಣಿಕವಾಗಿ ಒಂದು ವ್ಯವಸ್ಥೆ ಮಾಡಬೇಕಿತ್ತು. ಕೇಸು ಮುಂದುವರಿಯಲಿ ಅಂದಿತು ಕೋರ್ಟು.

ಬೋಯಿಂಗ್ ವಿಮಾನದ ಕಥೆಯೂ ಹೆಚ್ಚುಕಡಿಮೆ ಇದೇ. 2018ರ ಅಕ್ಟೋಬರ್ ಮತ್ತು 2019ರ ಮಾರ್ಚ್‌ನಲ್ಲಿ ಎರಡು ವಿಮಾನ ಬಿದ್ದು 346 ಜನ ಸತ್ತರು. ವಿಮಾನ ಮಾಡೋ ಕಂಪನಿಯ ಮಂಡಳಿಯಲ್ಲಿ ವಿಮಾನದ ಸುರಕ್ಷತೆಗೆ ಅಂತಲೇ ಒಂದು ಸಮಿತಿ ಆವರೆಗೆ ಇರಲಿಲ್ಲ. ನಿರ್ದೇಶಕರ ಮೇಲಿನ ಕೇಸು 2021ರಲ್ಲಿ 23.75 ಕೋಟಿ ಡಾಲರಿಗೆ ರಾಜಿಯಾಯಿತು.

ಈಗ ನಮ್ಮ ಜಗಳೂರಿನ ಹುಡುಗಿಗೆ ನನ್ನ ಪ್ರಶ್ನೆ. ನಿಮ್ಮ ಕಂಪನಿ ಯಾವ ಒಂದು ಕಾರಣಕ್ಕೆ ಮುಳುಗಬಹುದು? ಅದರ ಸುದ್ದಿ ಮಂಡಳಿಗೆ ಬರೋಕೆ ಈಗ ದಾರಿ ಇದೆಯಾ? ಚಹಾ ಕುಡಿಯೋ ಮೊದಲು ಇದನ್ನು ಕೇಳಿಕೊಳ್ಳಮ್ಮ.

ಚಳ್ಳಕೆರೆ ಶೇಂಗಾ:
ಮೇಷ್ಟ್ರೆ, ಉತ್ತರ ನಾನೇ ಹೇಳ್ತೀನಿ. ಗೋದಾಮು. ಬೇರೆ ಏನೂ ಅಲ್ಲ.

ನಾನು ನಮ್ಮ ಕಡೆಯ ಒಂದು ಉತ್ಪಾದಕರ ಕಂಪನಿಯಲ್ಲಿ ನಿರ್ದೇಶಕನಾಗಿದ್ದೆ. ಹೆಸರು ಬೇಡ. ತಿಂಗಳಾ ತಿಂಗಳಾ ದಾಸ್ತಾನಿನ ಹಾಳೆ ಬರೋದು. ಚೆನ್ನಾಗಿ ಟೈಪ್ ಮಾಡಿ, ಒಟ್ಟು ಮೊತ್ತ ದಪ್ಪ ಅಕ್ಷರದಲ್ಲಿ. ಎಲ್ಲರೂ ತಲೆ ಆಡಿಸೋರು. ಒಂದು ದಿನ ಬ್ಯಾಂಕಿನವರು ಗೋದಾಮು ನೋಡೋಕೆ ಬರ್ತಾರೆ ಅಂತ ಸುದ್ದಿ ಬಂತು. ನಾವು ಇಬ್ಬರು ಮುಂಚೆಯೇ ಹೋದೆವು. ಹೊರಗಿಂದ ನೋಡಿದರೆ ಚೀಲದ ನಿಟ್ಟು ಮಾಡಿನವರೆಗೂ ಇದೆ. ಹಮಾಲಿ ಒಬ್ಬನಿಗೆ ನಿಟ್ಟಿನ ಮೇಲೆ ಹತ್ತು ಅಂದೆವು. ಹತ್ತಿದವನು ಮೇಲಿಂದ ನಗೋಕೆ ಶುರು ಮಾಡಿದ. ನಾಲ್ಕೂ ಕಡೆ ಎರಡೆರಡು ಸಾಲು ಚೀಲ, ನಡುವೆ ಟೊಳ್ಳು! ಒಳಗೆ ಒಂದು ಹಳೆ ತಾಡಪಾಲು ಬಿದ್ದಿತ್ತು ಅಷ್ಟೇ. ಹಾಳೆಯಲ್ಲಿ ಇದ್ದ ಮಾಲು ಎರಡು ತಿಂಗಳ ಹಿಂದೆಯೇ ಹೋಗಿತ್ತು.

ಆಮೇಲೆ ಒಂದು ಠರಾವು ಮಾಡಿದೆವು. ಯಾವುದಾದರೂ ಒಂದು ದಿನ, ಮುಂಚೆ ಹೇಳದೆ, ಇಬ್ಬರು ನಿರ್ದೇಶಕರು ಹೋಗಿ ಚೀಲ ಎಣಿಸಬೇಕು. ಸರದಿ ಪ್ರಕಾರ, ಅಧ್ಯಕ್ಷರೂ ಸೇರಿ. ಎಣಿಸಿದ್ದನ್ನು ಅಲ್ಲೇ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕು. ಮೊದಲ ಸಲ ಮ್ಯಾನೇಜರ್‌ಗೆ ಅವಮಾನ ಆದ ಹಾಗೆ ಆಯ್ತು. ಆಮೇಲೆ ಅವನೇ ಫೋನ್ ಮಾಡಿ "ಯಾವಾಗ ಬರ್ತೀರಿ" ಅನ್ನೋಕೆ ಶುರು ಮಾಡಿದ. ಲೆಕ್ಕ ಸರಿ ಇದ್ದರೆ ಅವನಿಗೂ ನೆಮ್ಮದಿ.

ಮೆಕ್ಕೆಜೋಳಕ್ಕೆ ಇನ್ನೊಂದು ಕಾಟ ಇದೆ, ತೇವ. ನೂರಕ್ಕೆ 14ಕ್ಕಿಂತ ಜಾಸ್ತಿ ತೇವಾಂಶ ಇರುವ ಮಾಲನ್ನು ನಿಟ್ಟು ಹಾಕಿದರೆ ಬೂಷ್ಟು ಹಿಡಿಯುತ್ತೆ, ವಿಷ ಸೇರುತ್ತೆ. ಕೋಳಿ ಆಹಾರದ ಫ್ಯಾಕ್ಟರಿಯವರು ಲಾರಿ ವಾಪಸ್ ಕಳಿಸ್ತಾರೆ. ಆಗ ಬಾಡಿಗೆಯೂ ನಿಮ್ಮದೇ. ಒಳಗೆ ಬಂದ ಪ್ರತಿ ಲೋಡಿನ ತೇವಾಂಶ ಬರೆದಿಟ್ಟಿದ್ದಾರಾ ನೋಡಿ.

ಬೆಂಗಳೂರಲ್ಲಿರೋ ದಾವಣಗೆರೆಯವನು:
ಚೀಲ ಎಣಿಸೋದು ನಿರ್ದೇಶಕರ ಕೆಲಸಾನಾ? ಹಾಗಾದರೆ ಸಿಇಒ ಯಾಕೆ? ಮಂಡಳಿ ಎಲ್ಲದಕ್ಕೂ ಮೂಗು ತೂರಿಸಿದರೆ ಒಳ್ಳೆ ಜನ ಬಿಟ್ಟು ಹೋಗ್ತಾರೆ. ಇನ್ಫೋಸಿಸ್ ನೋಡಿ. ಸ್ಥಾಪಕರು ಹೊರಗಿಂದ ದೊಡ್ಡ ಅಧಿಕಾರಿಗಳ ಸಂಬಳದ ಬಗ್ಗೆ, ಪನಾಯ ಅನ್ನೋ ಕಂಪನಿಯ ಖರೀದಿ ಬಗ್ಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. 2017ರ ಆಗಸ್ಟ್ 18ರಂದು ಸಿಇಒ ವಿಶಾಲ್ ಸಿಕ್ಕಾ ರಾಜೀನಾಮೆ ಕೊಟ್ಟರು. ವಾರದೊಳಗೆ ನಂದನ್ ನಿಲೇಕಣಿ ಅಧ್ಯಕ್ಷರಾಗಿ ವಾಪಸ್ ಬರಬೇಕಾಯ್ತು.

ಹೊಸದುರ್ಗದ ಮೇಷ್ಟ್ರು:
ಅದಕ್ಕೆ ಎರಡು ಮುಖ ಇದೆಯಪ್ಪ. ಕೇಳಿದ್ದು ಜಾಸ್ತಿಯಾಯಿತು ಅನ್ನೋರೂ ಇದ್ದಾರೆ, ಕೇಳಬೇಕಾದ್ದನ್ನು ಮಂಡಳಿಯೇ ಮೊದಲು ಕೇಳಿ ಷೇರುದಾರರಿಗೆ ತೃಪ್ತಿಯಾಗುವ ಉತ್ತರ ಕೊಟ್ಟಿದ್ದರೆ ಬೀದಿಗೆ ಬರುತ್ತಿರಲಿಲ್ಲ ಅನ್ನೋರೂ ಇದ್ದಾರೆ. ನಾನು ಎರಡನೇ ಕಡೆ.

ಚಳ್ಳಕೆರೆ ಶೇಂಗಾ:
ಮೂಗು ತೂರಿಸೋ ನಿರ್ದೇಶಕರನ್ನೂ ನಾನು ನೋಡಿದ್ದೀನಿ. ಬೆಳಿಗ್ಗೆ ಅಂಗಡಿಗೆ ಬಂದು ಗಲ್ಲಾ ಹತ್ತಿರ ಕೂತು, ಗೊಬ್ಬರ ಯಾರಿಗೆ ಕೊಡು ಯಾರಿಗೆ ಬೇಡ ಅಂತ ಹುಡುಗನಿಗೆ ಹೇಳೋರು. ತಾವು ಮಾತ್ರ ಉದ್ರಿ. ಉದ್ರಿ ಪುಸ್ತಕದಲ್ಲಿ ಮೊದಲ ಐದು ಹೆಸರು ನಿರ್ದೇಶಕರದೇ ಇದ್ದರೆ ಯಾವ ಅಕೌಂಟೆಂಟು ಬಾಯಿ ಬಿಡ್ತಾನೆ? ಆ ಪುಸ್ತಕವನ್ನು ಮೊದಲು ಕೇಳಿ ತಂಗಿ. ಚೀಲ ಎಣಿಸೋದಕ್ಕಿಂತ ಮುಂಚೆ.

ಪಿ.ಜೆ. ಬಡಾವಣೆ ಸಿಎ:
ಸರಿಯಾಗಿ ಹೇಳಿದ್ರಿ. ನಿರ್ದೇಶಕರಿಗೆ ಅಥವಾ ಅವರ ಸಂಬಂಧಿಕರಿಗೆ ಸಾಲ-ಮುಂಗಡ ಕೊಡಬೇಕಾದರೆ ಸರ್ವ ಸದಸ್ಯರ ಸಭೆಯ ಒಪ್ಪಿಗೆ ಬೇಕು. ಮಂಡಳಿಯ ಠರಾವು ಸಾಲದು. ತಗೊಂಡ ಸಾಲ ಕಟ್ಟದೆ ಬಾಕಿ ಉಳಿಸಿಕೊಂಡ ನಿರ್ದೇಶಕರ ಸ್ಥಾನವೇ ಖಾಲಿಯಾಗುತ್ತೆ. ಉದ್ರಿ ಗೊಬ್ಬರ ಸಾಲಾನಾ ಅಂತ ವಾದ ಮಾಡೋರು ಇದ್ದಾರೆ. ವರ್ಷಗಟ್ಟಲೆ ಹಾಗೇ ನಿಂತ ಬಾಕಿಯನ್ನು ಮತ್ತೇನು ಅನ್ನಬೇಕು ಸ್ವಾಮಿ?

ಬೆಂಗಳೂರಿನವರು ಕೇಳಿದ್ದಕ್ಕೆ: ಗೊಬ್ಬರ ಯಾರಿಗೆ ಅಂತ ಹೇಳೋದು ಸಿಇಒ ಕೆಲಸ. ಉದ್ರಿಗೆ ಮಿತಿ ಎಷ್ಟು ಅಂತ ಹೇಳೋದು ಮಂಡಳಿ ಕೆಲಸ. ಆ ಮಿತಿ ಮೀರಿದ್ದು ಯಾರು ಅಂತ ಪ್ರತಿ ಸಭೆಗೆ ತರಿಸಿ ನೋಡೋದೂ ಮಂಡಳಿ ಕೆಲಸ. ಸಿಇಒ ಸದಸ್ಯರಲ್ಲದ ಹೊರಗಿನವರೇ ಆಗಿರಬೇಕು ಅಂತ ಕಾಯ್ದೆ ಹೇಳೋದು ಸುಮ್ನೆ ಅಲ್ಲ.

ನಿವೃತ್ತ ಟರ್ನರ್:
ಓದಿದವರು ಇದ್ದರೆ ಸರಿ ಹೋಗುತ್ತೆ ಅಂತೀರಲ್ಲ. ಲೆಕ್ಕದ ಹಗರಣ ಆಯ್ತಲ್ಲ, ಆ ಹೈದರಾಬಾದಿನ ಸತ್ಯಂ ಸಾಫ್ಟ್‌ವೇರ್ ಕಂಪನಿಯಲ್ಲಿ ಯಾರು ಕಮ್ಮಿ ಓದಿದವರಿದ್ದರು?

ಪಿ.ಜೆ. ಬಡಾವಣೆ ಸಿಎ:
ಒಳ್ಳೆ ಪಾಯಿಂಟು ಅಣ್ಣ. ಆ ಮಂಡಳಿಯಲ್ಲಿ ಹಾರ್ವರ್ಡ್ ಪ್ರೊಫೆಸರ್ ಇದ್ದರು, ಕೇಂದ್ರದ ನಿವೃತ್ತ ಸಂಪುಟ ಕಾರ್ಯದರ್ಶಿ ಇದ್ದರು. 2008ರಲ್ಲಿ ಒಳ್ಳೆಯ ಆಡಳಿತಕ್ಕೆ ಅಂತ ಪ್ರಶಸ್ತಿ ಬೇರೆ! ಅದೇ ಡಿಸೆಂಬರ್ 16ರಂದು ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳೋಕೆ ಮಂಡಳಿ ಒಪ್ಪಿತು. ಹೂಡಿಕೆದಾರರು ಸಿಡಿದೆದ್ದಾಗ ಕೆಲವೇ ಗಂಟೆಯಲ್ಲಿ ಕೈಬಿಟ್ಟರು. 2009ರ ಜನವರಿ 7ಕ್ಕೆ ರಾಜು ತಾವೇ ಪತ್ರ ಬರೆದರು. ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಬಾಕಿ 5,361 ಕೋಟಿ ರೂಪಾಯಿ. ಅದರಲ್ಲಿ 5,040 ಕೋಟಿ ಇರಲೇ ಇಲ್ಲ.

ಚಳ್ಳಕೆರೆಯವರ ಟೊಳ್ಳು ನಿಟ್ಟೇ ಅಲ್ವಾ ಇದು? ಬ್ಯಾಂಕಿಗೆ ನೇರವಾಗಿ ಕೇಳಿ ಖಚಿತ ಮಾಡಿಕೊಳ್ಳೋದು ಲೆಕ್ಕಪರಿಶೋಧನೆಯ ಮೊದಲ ಪಾಠ. ಅದರಲ್ಲಿ ಸೋತವರು ಪರಿಶೋಧಕರು, ಅಂದರೆ ನಮ್ಮ ವೃತ್ತಿಯವರೇ. ಆದರೆ "ಬ್ಯಾಂಕಿನ ಪತ್ರ ನಿಮಗೆ ನೇರವಾಗಿ ಬಂತಾ, ಕಂಪನಿಯವರು ಕೈಗೆ ಕೊಟ್ಟರಾ" ಅಂತ ಪರಿಶೋಧಕರನ್ನು ಕೇಳೋಕೆ ಹಾರ್ವರ್ಡ್ ಬೇಕಿಲ್ಲ.

ಹೊಸದುರ್ಗದ ಮೇಷ್ಟ್ರು:
ರಸ್ತೆ, ಸೇತುವೆಯಂಥ ಕಾಮಗಾರಿಗೆ ಹಣ ಹೂಡುತ್ತಿದ್ದ ಐಎಲ್ ಅಂಡ್ ಎಫ್‌ಎಸ್ ಕಂಪನಿಯನ್ನೂ ಸೇರಿಸಿಕೊಳ್ಳಿ. 91 ಸಾವಿರ ಕೋಟಿಗೂ ಮೀರಿದ ಸಾಲ. ಅದರ ಅಪಾಯ ನೋಡಿಕೊಳ್ಳುವ ಸಮಿತಿ 2015ರಿಂದ 2018ರವರೆಗೆ ಸೇರಿದ್ದು ಒಂದೇ ಸಲ ಅಂತ ಸರ್ಕಾರವೇ ಕಂಪನಿ ನ್ಯಾಯಮಂಡಳಿಗೆ ಹೇಳಿತು. 2018ರ ಅಕ್ಟೋಬರ್‌ನಲ್ಲಿ ಮಂಡಳಿಯನ್ನೇ ತೆಗೆದು ಹೊಸಬರನ್ನು ಕೂರಿಸಿದರು. ಸಮಿತಿ ಕಾಗದದ ಮೇಲಿತ್ತು ನೋಡಿ.

ಗಾಜಿನಮನೆ ರೋಡ್:
ಇದೆಲ್ಲ ಸರಿ, ನಮ್ಮ ದಾವಣಗೆರೆಯ ಹತ್ತಿ ಗಿರಣಿಗಳು ಮುಚ್ಚಿದ್ದಕ್ಕೂ ಮಂಡಳಿಗಳೇ ಕಾರಣ ಅಂತೀರಾ? ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ಇದು.

ನಿವೃತ್ತ ಟರ್ನರ್:
ಅದಕ್ಕೆ ಬೇರೆಯೇ ಚರ್ಚೆ ತೆಗಿ ಮಾರಾಯ. ಅದನ್ನು ಇಲ್ಲಿ ತಂದರೆ ಆ ಹುಡುಗಿ ಕೇಳಿದ್ದು ಕೆಳಗೆ ಹೋಗಿಬಿಡುತ್ತೆ.

ಜಗಳೂರು ಕಡೆಯವಳು:
ಎಲ್ಲರ ಮಾತೂ ಓದಿದೆ. ಎರಡು ಅನುಮಾನ ಇದೆ. ನನಗೆ ಗೊತ್ತೇ ಇಲ್ಲದ ವಿಷಯಕ್ಕೂ ನಾನು ಹೊಣೆಯಾ? ಮತ್ತೆ ಜಗಳ ಆಗದ ಹಾಗೆ ಕೇಳೋದು ಹೇಗೆ? ನಾಳೆ ಅಧ್ಯಕ್ಷರ ಮನೆಯ ಮದುವೆಗೆ ನಾವೇ ಹೋಗಬೇಕು.

ಪಿ.ಜೆ. ಬಡಾವಣೆ ಸಿಎ:
ಮೊದಲನೆಯದಕ್ಕೆ. ದಿನದ ಆಡಳಿತದಲ್ಲಿ ಇಲ್ಲದ ನಿರ್ದೇಶಕರಿಗೆ ಸೆಕ್ಷನ್ 149(12) ರಕ್ಷಣೆ ಕೊಡುತ್ತೆ. ಮಂಡಳಿಯ ಪ್ರಕ್ರಿಯೆಯ ಮೂಲಕ ಅವರ ಗಮನಕ್ಕೆ ಬಂದಿದ್ದು, ಅವರ ಒಪ್ಪಿಗೆಯೋ ಕುಮ್ಮಕ್ಕೋ ಇದ್ದರೆ, ಅಥವಾ ಶ್ರದ್ಧೆಯಿಂದ ಕೆಲಸ ಮಾಡದಿದ್ದರೆ ಮಾತ್ರ ಹೊಣೆ. ಕೊನೆಯದನ್ನು ಮರೆಯಬೇಡಿ. ಕೇಳಲೇ ಇಲ್ಲ, ಅದಕ್ಕೆ ಗೊತ್ತಾಗಲಿಲ್ಲ ಅಂದರೆ ಅದು ರಕ್ಷಣೆ ಅಲ್ಲ. ಕೇಳಿದ್ದೆ, ಇಂಥ ಉತ್ತರ ಕೊಟ್ಟರು ಅಂತ ನಡಾವಳಿಯಲ್ಲಿ ಇದ್ದರೆ ರಕ್ಷಣೆ. ಒಪ್ಪದಿದ್ದರೆ ನಿಮ್ಮ ಹೆಸರು ಹಾಕಿ "ಇವರು ಒಪ್ಪಲಿಲ್ಲ" ಅಂತ ಬರೆಯಲೇಬೇಕು. ಅದು ಕಾಯ್ದೆಯಲ್ಲೇ ಇದೆ. ಸಭೆಗೆ ಹೋಗದೆ ಇದ್ದರೆ ಪಾರಾಗಬಹುದು ಅಂದುಕೊಳ್ಳಬೇಡಿ. 12 ತಿಂಗಳು ಒಂದೂ ಸಭೆಗೆ ಹೋಗದಿದ್ದರೆ ಸ್ಥಾನವೇ ಹೋಗುತ್ತೆ.

ಇನ್ನೊಂದು, ಒಪ್ಪೋ ಮೊದಲೇ ಕಂಪನಿ ವ್ಯವಹಾರ ಮಂತ್ರಾಲಯದ ವೆಬ್‌ಸೈಟಿನಲ್ಲಿ ಹೆಸರು ಹುಡುಕಿ. ಕೊನೆಯ ವಾರ್ಷಿಕ ಸಭೆ ಯಾವಾಗ ಆಯ್ತು, ಯಾವ ವರ್ಷದವರೆಗೆ ಲೆಕ್ಕ ಸಲ್ಲಿಸಿದ್ದಾರೆ ಅಂತ ದುಡ್ಡಿಲ್ಲದೆ ಕಾಣುತ್ತೆ. 100 ರೂಪಾಯಿ ಕಟ್ಟಿದರೆ ಸಲ್ಲಿಸಿದ ಕಾಗದಗಳನ್ನೂ ನೋಡಬಹುದು. ತಡವಾದರೆ ಒಂದೊಂದು ಫಾರಂಗೆ ದಿನಕ್ಕೆ 100 ರೂಪಾಯಿ ಏರುತ್ತಾ ಹೋಗುತ್ತೆ. ಸತತ 3 ವರ್ಷ ಸಲ್ಲಿಸದಿದ್ದರೆ ನಿರ್ದೇಶಕರಿಗೆ 5 ವರ್ಷ ಅನರ್ಹತೆ. 2017ರಲ್ಲಿ ಒಂದೇ ಏಟಿಗೆ ಲಕ್ಷಕ್ಕೂ ಜಾಸ್ತಿ ನಿರ್ದೇಶಕರು ಹೀಗೆ ಸಿಕ್ಕಿಬಿದ್ದರು. ಬಾಕಿ ಇರುವ ಕಂಪನಿಗೆ ಹೊಸದಾಗಿ ಸೇರಿದವರಿಗೆ 6 ತಿಂಗಳ ಕಾಲಾವಕಾಶ ಇದೆ. ಅಷ್ಟರಲ್ಲಿ ಸರಿ ಮಾಡಿಸಬೇಕು.

ಚಳ್ಳಕೆರೆ ಶೇಂಗಾ:
ಎರಡನೆಯದಕ್ಕೆ ನಾನು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅಂದರೆ, ವ್ಯಕ್ತಿಯನ್ನು ಬಿಟ್ಟು ಕಾಗದವನ್ನು ಕೇಳಿ. "ನಿಮ್ಮ ಬಾಮೈದನಿಗೆ ಯಾಕೆ ಕೊಟ್ರಿ" ಅಂದರೆ ಅಲ್ಲಿಗೆ ಮಾತು ಮುಗೀತು. "ಇನ್ನು ಮುಂದೆ ಪ್ರತಿ ಮಾರಾಟಕ್ಕೂ ಮೂರು ಮಂಡಿಯ ದರ ಬರೆದಿಡೋಣ, ನಾಳೆ ಯಾರೂ ಅಧ್ಯಕ್ಷರ ಮೇಲೆ ಬೊಟ್ಟು ಮಾಡಬಾರದು" ಅಂದರೆ ಅವರೇ ಹೂಂ ಅಂತಾರೆ. ಒಪ್ಪೋ ಮೊದಲು ಕೇಳಿ. ಈಗ ನಿಮ್ಮ ಅವಶ್ಯಕತೆ ಅವರಿಗಿದೆ. ಸಹಿ ಹಾಕಿದ ಮೇಲೆ ನಿಮ್ಮ ಮಾತಿಗೆ ಅಷ್ಟು ಬೆಲೆ ಇರಲ್ಲ.

ನಮ್ಮ ಕಡೆ ಇನ್ನೊಂದು ರೋಗ ಇದೆ, ವಾರ್ಷಿಕ ಸಭೆಯ ಕೋರಂ. ಒಟ್ಟು ಸದಸ್ಯರಲ್ಲಿ ನಾಲ್ಕನೇ ಒಂದು ಭಾಗ ಬರಲೇಬೇಕು. ಸಾವಿರಕ್ಕೆ 250. ಬರೋದು ಅರವತ್ತು ಜನ. ಉಳಿದ ಸಹಿಗೆ ಹಾಜರಿ ಪುಸ್ತಕ ಬೈಕಿನ ಮೇಲೆ ಊರೂರು ಸುತ್ತುತ್ತೆ. ಒಬ್ಬರಿಗೆ ಒಂದೇ ಮತ ಅಂತ ಇಟ್ಟಿರೋದೇ ಸಣ್ಣ ರೈತನ ಮಾತಿಗೂ ತೂಕ ಇರಲಿ ಅಂತ. ಆ ಸಭೆಯೇ ಬೈಕಿನ ಮೇಲೆ ನಡೆದರೆ ಮಂಡಳಿಯನ್ನು ಕೇಳೋರು ಯಾರು?

ಬೆಂಗಳೂರಲ್ಲಿರೋ ದಾವಣಗೆರೆಯವನು:
ಸೇರಿಕೊಂಡ ಮೇಲೆ ಸರಿ ಬರದಿದ್ದರೆ ಬಿಟ್ಟು ಬರಬಹುದಲ್ಲ?

ಪಿ.ಜೆ. ಬಡಾವಣೆ ಸಿಎ:
ಬರಬಹುದು. ರಾಜೀನಾಮೆ ಬರೆದು ಕೊಟ್ಟರೆ ಸಾಕು, ಯಾರ ಒಪ್ಪಿಗೆಯೂ ಬೇಡ. ಕಂಪನಿಯವರು ಅದನ್ನು ಸರ್ಕಾರದ ಕಂಪನಿ ರಿಜಿಸ್ಟ್ರಾರ್‌ಗೆ ತಿಳಿಸದೆ ಕೂತರೆ ನೀವೇ ಡಿಐಆರ್-11 ಫಾರಂನಲ್ಲಿ ತಿಳಿಸಬಹುದು. ಆದರೆ ನೀವು ಇದ್ದ ಅವಧಿಯಲ್ಲಿ ಆದದ್ದಕ್ಕೆ ಹೊಣೆ ಹಾಗೇ ಇರುತ್ತೆ.

ಜಗಳೂರು ಕಡೆಯವಳು:
ಹೊಸ ಸುದ್ದಿ ಹೇಳ್ತೀನಿ. ವೆಬ್‌ಸೈಟ್ ನೋಡಿದೆ, ಲೆಕ್ಕ ಸಲ್ಲಿಸಿದ್ದಾರೆ, ಒಂದು ವರ್ಷದ್ದು ತಡ ಅಷ್ಟೇ. ಆಮೇಲೆ ಅಧ್ಯಕ್ಷರ ಮನೆಗೆ ಹೋಗಿ ಶೇಂಗಾ ಅಣ್ಣ ಹೇಳಿದ ಹಾಗೇ ಕೇಳಿದೆ. ಮೂರು ಮಂಡಿಯ ದರ ಅಂದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅವನೂ ದರ ಬರೆದು ಕೊಡಲಿ, ಜಾಸ್ತಿ ಕೊಟ್ಟವರಿಗೆ ಹಾಕೋಣ" ಅಂದರು. ಮಂಡಿಯಲ್ಲಿ ಅವರ ಮನೆಯವರ ಪಾಲು ಇದೆಯಾ ಅಂತ ಬರೆದು ಕೊಡಿ ಅಂದದ್ದಕ್ಕೆ ಮಾತ್ರ ಸಿಟ್ಟು ಬಂತು. "ನಿಮ್ಮಪ್ಪ ನನ್ನನ್ನು ಹೀಗೆ ಕೇಳಿರಲಿಲ್ಲ" ಅಂದರು. ಎಲ್ಲ ನಿರ್ದೇಶಕರೂ ಬರೆದು ಕೊಡಬೇಕು, ನಾನೂ ಕೊಡ್ತೀನಿ ಅಂದೆ. ಇನ್ನೂ ಉತ್ತರ ಬಂದಿಲ್ಲ. ಅದು ಕೈಗೆ ಬರದೆ ನಾನು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲ್ಲ ಅಂತ ಹೇಳಿ ಬಂದಿದ್ದೀನಿ.

ನಡಾವಳಿ ಪುಸ್ತಕದ ಖಾಲಿ ಜಾಗಕ್ಕೆಲ್ಲ ಸಿಇಒ ಅಡ್ಡಗೆರೆ ಎಳೆದಿದ್ದಾರೆ, ನನ್ನೆದುರೇ. ಕಾನೂನು ಹೇಳಿದ ಮೇಲೆ ಅವರೇ ಹೆದರಿಬಿಟ್ಟರು ಪಾಪ. ದಾಸ್ತಾನಿನ ಪುಸ್ತಕವೂ ಕೊಟ್ಟರು. ಲಾರಿ ನಂಬರ್, ಚೀಲ, ತೂಕ ಎಲ್ಲ ಇದೆ. ತೇವಾಂಶದ ಕಾಲಂ ಇಲ್ಲ.

ಚಳ್ಳಕೆರೆ ಶೇಂಗಾ:
ತೇವ ನೋಡೋ ಮೀಟರ್ ಇದೆಯಾ ಅಂತ ಮೊದಲು ಕೇಳಿ. ಎಷ್ಟೋ ಕಡೆ ಇರುತ್ತೆ, ಬ್ಯಾಟರಿ ಹೋಗಿ ಬೀರುವಿನಲ್ಲಿ ಬಿದ್ದಿರುತ್ತೆ.

ಪಿ.ಜೆ. ಬಡಾವಣೆ ಸಿಎ:
ಸೇರಿಕೊಂಡರೆ ಮೊದಲ ಸಭೆಯ ವಿಷಯಪಟ್ಟಿಗೆ ಆ ಕಾಲಂ ಹಾಕಿಸಿ. ಸಭೆಯ ನೋಟಿಸು ಕನಿಷ್ಠ 7 ದಿನ ಮುಂಚೆ ಬರಬೇಕು. ಅದಕ್ಕೂ ಮೊದಲೇ ಸಿಇಒಗೆ ಬರಹದಲ್ಲಿ ಕೊಡಿ, ಒಂದು ಪ್ರತಿ ಮೇಲೆ ಸ್ವೀಕೃತಿ ಸಹಿ ತಗೊಳ್ಳಿ. ವಾಟ್ಸಾಪಿನಲ್ಲಿ ಹೇಳಿ ಬಿಡಬೇಡಿ.